ಆರು, ಏಳು

ಹಗ್ಗ, ಬಲೆ, ಡೀಸೆಲ್ ಮಾರುವ ಅಂಗಡಿಯವರು
ಪುಕ್ಕಟೆ ಕೊಟ್ಟ ಕ್ಯಾಲೆಂಡರು,
ತಿಂಗಳಿಗೊಂದು ಹಡಗಿನ ಚಿತ್ರ.
ಸುರುಳಿ ಸುತ್ತಿ, ರಬ್ಬರ್‌ಬ್ಯಾಂಡ್ ಹಾಕಿ
ದಕ್ಷಿಣದ ದ್ವೀಪದಿಂದ ಎರಡು ಗಂಟೆ ಫೆರಿಯಲ್ಲಿ
ಟೋರ್ಶಾವನ್ನಿನ ಆಸ್ಪತ್ರೆಗೆ ತಂದಿದ್ದಾಳೆ ರನ್ವಾ.
ಎಷ್ಟು ತೊಳೆದರೂ ಕೈಯಲ್ಲಿ ಕಾರ್ಖಾನೆಯ ಸಾಲ್ಮನ್ ವಾಸನೆ.
ಪಕ್ಕದ ಕುರ್ಚಿಯಲ್ಲಿ ಬೈಂಟಾ,
ಮಡಿಲಿಗೆ ತಾನು ದೊಡ್ಡವಳು ಎನ್ನುವ ಐದೂವರೆ ವರ್ಷ.

ಕೆಂಪು ಸುತ್ತು ಹಾಕಿದ್ದೆಲ್ಲ ಗಂಟಲು.
ಎಣಿಸಿಕೊಂಡೇ ಬಂದಿದ್ದೇನೆ ಡಾಕ್ಟರೇ, ಎಂಟು.

ದೂರಿಟಾ ಡಾಕ್ಟರು ಹೂಂ ಅನ್ನುವುದಿಲ್ಲ.
ಕನ್ನಡಕ ಏರಿಸಿ ಜನವರಿಯಿಂದ ಶುರುಮಾಡುತ್ತಾರೆ.
ಜ್ವರ ಎಷ್ಟಿತ್ತು? ಥರ್ಮಾಮೀಟರೋ, ಅಂಗೈಯೋ?
ಉಗುಳು ನುಂಗಲೂ ಅಳುತ್ತಿದ್ದಳಾ?
ದವಡೆಯ ಕೆಳಗೆ, ಇಲ್ಲಿ, ಗಂಟು ಸಿಗುತ್ತಿತ್ತಾ?
ಟಾನ್ಸಿಲ್ ಮೇಲೆ ಬಿಳಿ?
ಇತ್ತು, ಮೊಸರು ಮೆತ್ತಿದ ಹಾಗೆ.
ಕೆಮ್ಮು?

ಅಲ್ಲಿಗೆ ರನ್ವಾಳ ಮಾತು ತಡವರಿಸುತ್ತದೆ.
ಮಾರ್ಚಿನಲ್ಲಿ ಕೆಮ್ಮಿತ್ತು. ಮೂಗೂ ಸೋರುತ್ತಿತ್ತು.
ಶಿಶುವಿಹಾರದ ಮಕ್ಕಳೆಲ್ಲ ಕೆಮ್ಮುತ್ತಿದ್ದರು, ಟೀಚರೂ.
ಹಾಗಾದರೆ ನೆಗಡಿ, ಅನ್ನುತ್ತದೆ ಪೆನ್ನು. ಒಂದು ಹೋಯಿತು.
ಜೂನಿನಲ್ಲಿ ಅಂಗುಳದ ಹಿಂದೆ ಗುಳ್ಳೆ,
ಅಂಗೈಯಲ್ಲೂ ಎರಡು. ಅದು ಬೇರೆ ವೈರಸ್.
ಇನ್ನೊಂದು ಹೋಯಿತು.

ಫೆಬ್ರವರಿಯದನ್ನು ಮಾತ್ರ ಯಾರೂ ಅಳಿಸಲಾರರು.
ಮಕ್ಕಳೆಲ್ಲ ವೇಷ ಹಾಕಿ ಪೀಪಾಯಿ ಒಡೆಯುವ ಸೋಮವಾರ
ಮೂವತ್ತೊಂಬತ್ತೂವರೆ ಡಿಗ್ರಿ.
ರಟ್ಟಿನಲ್ಲಿ ಮಾಡಿದ ಪಫಿನ್ ಹಕ್ಕಿಯ ಕೊಕ್ಕು
ತಲೆದಿಂಬಿನ ಪಕ್ಕದಲ್ಲೇ ಇತ್ತು ಮೂರು ದಿನ.
ಬೈಂಟಾ ಈಗ ಮೊದಲ ಸಲ ಬಾಯಿ ಬಿಡುತ್ತಾಳೆ:
ಕೊನೆಗೆ ಪೀಪಾಯಿ ಒಡೆದದ್ದು ತ್ರೋಂಡುರ್.
ಅವನಿಗೆ ಬರೀ ನಾಲ್ಕು ವರ್ಷ.
ಡಾಕ್ಟರು ಅದನ್ನೂ ಬರೆದುಕೊಳ್ಳುತ್ತಾರೆ.

ಆ ಅನ್ನು.
ಆ
ಮರದ ಚಪ್ಪಟೆ ಕಡ್ಡಿ, ಟಾರ್ಚಿನ ಬೆಳಕು.
ಕಿರುನಾಲಿಗೆಯ ಅತ್ತಿತ್ತ
ಎರಡು ಗುಲಾಬಿ ಉಂಡೆ,
ಎಂದೂ ಏನೂ ಮಾಡದ ಸಂಭಾವಿತರ ಹಾಗೆ ಕೂತಿವೆ.
ರನ್ವಾಗೆ ಅಳು ಬರುವಷ್ಟು ಸಿಟ್ಟು.
ಮನೆಯಲ್ಲಿ ಮಾರಿ, ಇಲ್ಲಿ ಉಪಕಾರಿ.

ರಾತ್ರಿ ಗೊರಕೆ? ನಿದ್ದೆಯಲ್ಲಿ ಉಸಿರು ಕಟ್ಟುತ್ತದಾ?
ಇಲ್ಲ. ಇಲ್ಲ.
ಹಾಗಾದರೆ ಆರು.
ವರ್ಷಕ್ಕೆ ಏಳಾದರೆ ತೆಗೆಯುವ ಮಾತು ಆಡಬಹುದು.
ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ.
ಕಾಯೋಣ.

ಕಾಯುವುದು ರನ್ವಾಗೆ ಹೊಸದಲ್ಲ:
ಕಾದ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು
ಕಾದು ಕೂತ ರಾತ್ರಿಗಳು,
ಬೆಳಗಿನ ಪಾಳಿಗೆ ಯಾರನ್ನು ಬೇಡಲಿ ಎಂದುಕೊಳ್ಳುತ್ತ.

ವಾಪಸು ಫೆರಿಯ ಕ್ಯಾಂಟೀನಿನಲ್ಲಿ
ಹುರಿದ ಈರುಳ್ಳಿ ಉದುರಿಸಿದ ಸಾಸೇಜು
ಗಬಗಬ ತಿಂದಳು ಬೈಂಟಾ.
ಒಂದೊಂದು ತುತ್ತು ಇಳಿಯುವುದನ್ನೂ
ತಾಯಿ ನೋಡುತ್ತಿದ್ದಳು, ಲೆಕ್ಕಪರಿಶೋಧಕನಂತೆ.

ಸೆಪ್ಟೆಂಬರ್ ಕಳೆಯಿತು. ಅಕ್ಟೋಬರಿನ ಹಡಗಿನ ಕೆಳಗೆ
ಒಂದೂ ಸುತ್ತಿಲ್ಲ.
ಆಮೇಲೊಂದು ರಾತ್ರಿ
ನಿದ್ದೆಯಲ್ಲಿ ತೆರೆದ ಪುಟ್ಟ ಬಾಯೊಳಗೆ
ಮೊಬೈಲಿನ ಬೆಳಕು ಹಿಡಿದು ಇಣುಕುತ್ತ
ರನ್ವಾಗೆ ತನ್ನ ಕೈ ಯಾರದೋ ಅನ್ನಿಸಿತು.
ಬಿಳಿ ಇದೆಯೇ ಎಂದು ನೋಡುವುದಷ್ಟೇ ಆಗಿದ್ದರೆ ಸರಿ.
ಇರಲಿ ಎಂದು ಬೇಡುತ್ತಿದ್ದಳು.
ಒಂದೇ, ಇನ್ನೊಂದೇ ಒಂದು.

ಬೆಳಕು ಆರಿಸಿ ಮಂಚದ ಬುಡದಲ್ಲಿ ನೆಲಕ್ಕೆ ಕೂತಳು.
ಅಡುಗೆಮನೆಯಲ್ಲಿ ತನಗೆಂದು ಬಿಸಿ ಮಾಡಿದ ಹಾಲು
ಆರಿ, ಕೆನೆಗಟ್ಟಿ, ಹಾಗೇ ಉಳಿಯಿತು.
ಇದನ್ನು ಯಾರಿಗೂ ಹೇಳಿಲ್ಲ.
ಕ್ಯಾಲೆಂಡರಿನಲ್ಲಿ ಇದಕ್ಕೊಂದು ಬಣ್ಣವಿಲ್ಲ.

ಬೆಳಿಗ್ಗೆ ಗಾಳಿ ಚಾವಣಿಯ ತಗಡು ಬಡಿಯುತ್ತಿತ್ತು.
ಹಣೆ ಮುಟ್ಟಿದಳು. ತಣ್ಣಗಿತ್ತು, ತೊಳೆದಿಟ್ಟ ಬಸಿಯ ಹಾಗೆ.
ಏಳು, ಎಂದಳು.
ಇನ್ನು ಐದು ನಿಮಿಷ, ಎಂದಿತು ಹೊದಿಕೆ.
ಏಳು.